ನೀನೂ ನಕ್ಕೆ ಅಂತ ಬರೆದೆಯಲ್ಲ

ರಾಣೆಬೆನ್ನೂರು
ದೀಪಾವಳಿ ಮುಗಿದ ವಾರ

ಚಿ. ಸ್ನೇಹಾಳಿಗೆ ದೊಡ್ಡವ್ವನ ಆಶೀರ್ವಾದಗಳು.

ಮನೆ ಸುದ್ದಿ ಬರೆಯೋದಿಲ್ಲ. ಅದನ್ನೆಲ್ಲ ನಿಮ್ಮವ್ವ ದಿನಾ ಫೋನಿನಲ್ಲಿ ಹೇಳಿರುತ್ತಾಳೆ. ಜೊತೆಯ ಹುಡುಗರೊಂದಿಗೆ ಒಂದು ದೆವ್ವದ ಸಿನಿಮಾ ನೋಡಿ, ಅಂಕ ಹಾಕಿ ತೀರ್ಪು ಬರೆದುಕೊಡಬೇಕು ಅಂದಿದ್ದೆಯಲ್ಲ, ಆ ಪತ್ರದಲ್ಲಿ ಒಂದು ಮಾತಿದೆ, ಅದು ನಾಲ್ಕು ದಿನದಿಂದ ನನ್ನನ್ನು ಸುಮ್ಮನೆ ಕೂರಲು ಬಿಟ್ಟಿಲ್ಲ. "ಎಲ್ಲರೂ ನಗುತ್ತಿದ್ದರು, ನಾನೂ ನಕ್ಕೆ. ಹತ್ತಕ್ಕೆ ಮೂರು ಅಂದೆ. ರಾತ್ರಿ ಬಸ್ಸಿಳಿದು ಜೋಳದ ಹೊಲದ ಪಕ್ಕ ಬರುವಾಗ ಮಾತ್ರ ಓಡಿದೆ ದೊಡ್ಡವ್ವ. ನನಗೆ ಸಿನಿಮಾ ನೋಡೋಕೇ ಬರೋದಿಲ್ವೇನೋ." ಇದಾದ ಮೇಲೆ ನೀನು ಚಳಿ, ಸ್ವೆಟರ್, ಪರೀಕ್ಷೆ ಅಂತ ಬೇರೆ ಕಡೆ ಹೋಗಿಬಿಟ್ಟೆ. ನನಗೆ ಅಲ್ಲಿಂದ ಮುಂದೆ ಹೋಗಲು ಆಗಲಿಲ್ಲ.

ಅದಕ್ಕೇ ಆ ಸಿನಿಮಾ, 'ಚಿಲ್ಡ್ರನ್ ಆಫ್ ದ ಕಾರ್ನ್', ನಾನೂ ನೋಡಿದೆ. ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ, ಮಧ್ಯಾಹ್ನ ಊಟ ಆದಮೇಲೆ, ಬಾಗಿಲು ತೆಗೆದಿಟ್ಟುಕೊಂಡು. ಅವನು ಅರ್ಧಕ್ಕೇ ಎದ್ದು ಹೋದ. ಆಮೇಲೆ ಕಥೆಯನ್ನೂ ಓದಿದೆ. ಹೋದ ಸಲ ಬಂದಾಗ ನೀನು ಮರೆತುಹೋದ ದಪ್ಪ ಪುಸ್ತಕದಲ್ಲಿ ಅದು ಇತ್ತು. ಸ್ಟೀಫನ್ ಕಿಂಗ್ ಬರೆದದ್ದು 1977ರಲ್ಲಿ. ಸಿನಿಮಾ ಬಂದದ್ದು 1984ರಲ್ಲಿ. ಜಾಹೀರಾತು ಮಾಡುತ್ತಿದ್ದ ನಿರ್ದೇಶಕ ಫ್ರಿಟ್ಜ್ ಕೀರ್ಶ್‌ಗೆ ಅದು ಮೊದಲ ಸಿನಿಮಾ. ಖರ್ಚು ಸುಮಾರು 8 ಲಕ್ಷ ಡಾಲರ್ ಅಂತೆ, ಅಲ್ಲಿನ ಲೆಕ್ಕಕ್ಕೆ ಚಿಲ್ಲರೆ ಕಾಸು. ದೊಡ್ಡವರನ್ನೆಲ್ಲ ಕೊಂದು ಮಕ್ಕಳೇ ಉಳಿದಿರುವ, ಜೋಳದ ಹೊಲಗಳ ನಡುವಿನ ಒಂದು ಊರಿಗೆ ಗಂಡಹೆಂಡತಿ ಕಾರಿನಲ್ಲಿ ಬಂದು ಸಿಕ್ಕಿಕೊಳ್ಳುವ ಕಥೆ. ಅದು ನಡೆಯೋದು ನೆಬ್ರಾಸ್ಕಾದಲ್ಲಿ, ತೆಗೆದದ್ದು ನೀನಿರುವ ಅಯೋವಾದಲ್ಲೇ. ಹಾಗಾದರೆ ನೀನು ಓಡಿದ್ದು ಬೇರೆ ಯಾವ ಹೊಲವೂ ಅಲ್ಲ, ಹೆಚ್ಚುಕಮ್ಮಿ ಅದೇ ಹೊಲ!

ನಗು ಬಂತಾ? ಈಗ ನಗು, ಪರವಾಗಿಲ್ಲ.

ನನಗೆ ಭಯ ಆಯಿತೋ ಇಲ್ಲವೋ ಹೇಳುತ್ತೇನೆ. ಸಿನಿಮಾಕ್ಕಿಂತ ಕಥೆ ಓದುವಾಗ ಜಾಸ್ತಿ ಆಯಿತು, ಅದೂ ರಕ್ತ ಇರುವ ಕಡೆ ಅಲ್ಲ. ಗಂಡ ಹೊಲದ ಒಳಗೆ ನೋಡುತ್ತಾನಲ್ಲ, ಅಲ್ಲಿ ಒಂದು ಕಳೆ ಇಲ್ಲ. ಒಂದು ಹುಳ ಇಲ್ಲ. ಎಲೆಗೆ ಒಂದು ತೂತಿಲ್ಲ. ಅಮೆರಿಕದ ಪೇಟೆಯವರಿಗೆ ಅದು ಹೇಗೆ ಕಂಡಿತೋ, ನನ್ನ ಎದೆ ಮಾತ್ರ ಧಸಕ್ಕಂದಿತು. ನಮ್ಮ ಹಿತ್ತಲ ಬಾಗಿಲು ತೆಗೆದರೆ ಗೋವಿನಜೋಳವೇ. 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ ಕಾಣಿಸಿದ ಆ ಸೈನಿಕ ಹುಳು ಬಂದಮೇಲೆ ನಾನು ತೂತಿಲ್ಲದ ಗಿಡ ನೋಡಿದ್ದು ಕಡಿಮೆ. ಅದು ಸುಳಿಯೊಳಗೆ ಕೂತು ತಿನ್ನುತ್ತದೆ. ಎಲೆ ಬಿಚ್ಚಿಕೊಂಡಾಗ ಸೂಜಿಯಲ್ಲಿ ಹೊಲಿದ ಹಾಗೆ ಸಾಲಾಗಿ ತೂತು. ಕೆಳಗೆ ಮರದ ಹೊಟ್ಟಿನಂಥ ಹಿಕ್ಕೆ. ಅಂಥದ್ದರಲ್ಲಿ ಒಂದು ಎಲೆಯೂ ಹರಿಯದ ಹೊಲ ಇದೆ ಅಂದರೆ, ಅದನ್ನು ಯಾರು ಕಾಯುತ್ತಿದ್ದಾರೆ? 'ಸಾಲುಗಳ ಹಿಂದೆ ನಡೆಯುವವನು' ಅಂತ ಆ ಮಕ್ಕಳು ಅನ್ನುತ್ತಾರಲ್ಲ, ಅವನು ನನಗೆ ಅಲ್ಲೇ ಕಂಡ. ಕಾಣದೆಯೇ ಕಂಡ.

ಆಮೇಲೆ ಚರ್ಚಿನ ಆ ದಫ್ತರ. ಮೂವತ್ಮೂರು ವರ್ಷ ಶಾಲೆಯಲ್ಲಿ ದಾಖಲಾತಿ ಪುಸ್ತಕ ಬರೆದವಳು ನಾನು. ಮಗುವಿನ ಹೆಸರು, ಹುಟ್ಟಿದ ತಾರೀಖು, ಕೆಂಪು ಶಾಯಿಯಲ್ಲಿ ಬಿಟ್ಟುಹೋದ ತಾರೀಖು. ಆ ಕಥೆಯಲ್ಲಿ ಗಂಡ ಹೆಸರುಗಳ ಮೇಲೆ ಬೆರಳಾಡಿಸಿ ಲೆಕ್ಕ ಹಾಕುತ್ತಾನೆ, 19 ದಾಟಿದವರು ಒಬ್ಬರೂ ಇಲ್ಲ. ಹೊರಗೆ ಕಾರಿನಲ್ಲಿ ಹೆಂಡತಿ ಹಾರ್ನ್ ಒತ್ತುತ್ತಾಳೆ. ಹೋಗೋಣ ಬಾ ಅಂತ ಮೊದಲಿಂದ ಬೇಡಿಕೊಂಡವಳು ಅವಳು. ಅವಳ ಮೇಲಿನ ಹಠಕ್ಕೇ ಅವನು ಒಳಗೆ ಹೋದದ್ದು. ಹೆಂಡತಿ ಮಾತು ಕೇಳದ ಗಂಡಂದಿರ ಕಥೆ ಎಷ್ಟು ಕೇಳಿಲ್ಲ ನಾವು. ಇದೂ ಅದೇ, ದೆವ್ವ ಬರೀ ನೆಪ.

ಸಿನಿಮಾದಲ್ಲಿ ಆ ಜಗಳ ಎಲ್ಲಿ ಹೋಯಿತು? ಅಲ್ಲಿ ಅವರು ಗಂಡಹೆಂಡತಿಯೇ ಅಲ್ಲ, ಇನ್ನೂ ಮದುವೆಯಾಗದ ಜೋಡಿ. ಕೊನೆಗೆ ಇಬ್ಬರೂ ಬದುಕುತ್ತಾರೆ, ಜೊತೆಗೆ ಎರಡು ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ಕಥೆಯಲ್ಲಿ ಇಬ್ಬರೂ ಉಳಿಯೋದಿಲ್ಲ. ಇದನ್ನು ಬದಲಾಯಿಸಿದ್ದಕ್ಕೆ ದುಡ್ಡಿನ ಬಡತನ ಕಾರಣವೇ? ಜಗಳ ಆಡಿಸಲು ಎಷ್ಟು ಡಾಲರ್ ಬೇಕು? ನನಗೆ ತಿಳಿಯುವುದು ಇಷ್ಟೇ. ಇದು ನೀನು ಬರೆದುಕೊಡುವ ತೀರ್ಪಿನಲ್ಲಿ ಎಲ್ಲಾದರೂ ಬರಬಹುದೇನೋ. ಸಿನಿಮಾ ಓದಿದವಳಲ್ಲ ನಾನು, ತಪ್ಪಿದ್ದರೆ ಬಿಡು.

ಮತ್ತೆ ಆ ಮಾತಿಗೇ ಬರುತ್ತೇನೆ. ನೀನು ನಕ್ಕೆ ಅಂದೆಯಲ್ಲ.

ನಾನೂ ಒಂದು ಸಲ ನಕ್ಕಿದ್ದೆ. ಇದು ನಿಮ್ಮವ್ವನಿಗೂ ಗೊತ್ತಿಲ್ಲ. 1987 ಇರಬೇಕು, ಶಾಲಾ ಮಕ್ಕಳ ನಾಟಕ ಸ್ಪರ್ಧೆಗೆ ನನ್ನನ್ನು ತೀರ್ಪುಗಾರಳನ್ನಾಗಿ ಕರೆದಿದ್ದರು. ಮೂವರಲ್ಲಿ ನಾನೊಬ್ಬಳೇ ಹೆಂಗಸು, ವಯಸ್ಸಿನಲ್ಲೂ ಚಿಕ್ಕವಳು. ಯಾವುದೋ ಹಳ್ಳಿಯ ಶಾಲೆಯವರು ಕೊನೆಗೆ ಬಂದರು. ವಾರಪತ್ರಿಕೆಯಲ್ಲಿ ಬಂದ ಒಂದು ದೆವ್ವದ ಕಥೆಯನ್ನು ಅವರ ಮೇಷ್ಟ್ರು ನಾಟಕ ಮಾಡಿದ್ದರು. ಪರದೆ ಇಲ್ಲ, ಎರಡು ಹಳೇ ಸೀರೆ. ಒಂದು ಕಂದೀಲು. ಬಾವಿ ಅಂದರೆ ನೆಲದ ಮೇಲೆ ಸುಣ್ಣದ ಒಂದು ಸುತ್ತು.

ಏಳನೇ ತರಗತಿಯ ಹುಡುಗಿಯೊಬ್ಬಳು ನಮಗೆ ಬೆನ್ನು ಮಾಡಿ ನಿಂತು ಹಗ್ಗ ಎಳೆಯುತ್ತಿದ್ದಳು. ಕೊಡ ಮೇಲೆ ಬರುತ್ತಿಲ್ಲ. ಎಳೆಯುತ್ತಾಳೆ, ನಿಲ್ಲುತ್ತಾಳೆ, ಬಗ್ಗಿ ನೋಡುತ್ತಾಳೆ, ಮತ್ತೆ ಎಳೆಯುತ್ತಾಳೆ. ಸೀರೆಯ ಹಿಂದೆ ಯಾರೋ ಹುಡುಗ ಮಗುಚಿಟ್ಟ ಸೈಕಲ್ಲಿನ ಪೆಡಲ್ ತಿರುಗಿಸುತ್ತಿದ್ದ. ಕಿರ್ರ್ ಅಂತ ಗಡಗಡೆಯ ಸದ್ದು. ಆಮೇಲೆ ಅವಳು ಎಳೆಯೋದನ್ನು ನಿಲ್ಲಿಸಿದಳು, ಸದ್ದು ನಿಲ್ಲಲಿಲ್ಲ. ಅಷ್ಟೇ ಕಣೇ. ನನ್ನ ಮೈಮೇಲಿನ ಕೂದಲು ಎದ್ದು ನಿಂತವು. ಪಕ್ಕದ ತೀರ್ಪುಗಾರರೂ ಕಾಲು ಅಲ್ಲಾಡಿಸೋದನ್ನು ನಿಲ್ಲಿಸಿದ್ದನ್ನು ನಾನು ನೋಡಿದೆ.

ಅದಾದ ಮೇಲೆ ದೆವ್ವ ಬಂತು. ಬಿಳಿ ಪಂಚೆ, ಮುಖಕ್ಕೆ ಅಕ್ಕಿಹಿಟ್ಟು. ಬಂದದ್ದೇ ಹಿಟ್ಟು ಮೂಗಿಗೆ ಹೋಗಿ ದೆವ್ವ ಸೀನಿತು. ಜನ ಬಿದ್ದು ಬಿದ್ದು ನಕ್ಕರು. ತೀರ್ಪುಗಾರರಿಬ್ಬರೂ ನಕ್ಕರು. ನಾನೂ ನಕ್ಕೆ. ಆ ಹುಡುಗಿ ಹಗ್ಗ ಹಿಡಿದೇ ತಿರುಗಿ ಜನರನ್ನು ನೋಡಲಿಲ್ಲ, ನಮ್ಮ ಮೇಜನ್ನು ನೋಡಿದಳು. ನೂರಕ್ಕೆ 28 ಹಾಕಿದೆ. 'ಷರಾ' ಅಂತ ಒಂದು ಕಾಲಂ ಇತ್ತು. ಅಲ್ಲಿ ಬಾವಿಯ ಬಗ್ಗೆ ಒಂದು ಸಾಲು ಬರೆಯೋಣ ಅಂತ ಪೆನ್ನು ಎತ್ತಿದೆ. ಪಕ್ಕದವರು ಹಾಳೆ ಮಡಚಿದರು, ನಾನೂ ಮಡಚಿದೆ.

ಎಂಟೋ ಒಂಬತ್ತೋ ವರ್ಷದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಆ ಮೇಷ್ಟ್ರು ಸಿಕ್ಕರು. ನನಗೆ ಗುರುತು ಸಿಗಲಿಲ್ಲ, ಅವರಿಗೇ ಸಿಕ್ಕಿತು. ನಮಸ್ಕಾರ ಮಾಡಿ, "ಮೇಡಂ, ಆ ಬಾವಿ ಭಾಗ ಆದರೂ ಚೆನ್ನಾಗಿತ್ತಾ?" ಅಂತ ಕೇಳಿದರು. ಒಂಬತ್ತು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆ! ಹೂಂ, ಚೆನ್ನಾಗಿತ್ತು ಅಂದೆ. ಅಷ್ಟರಲ್ಲಿ ನನ್ನ ಬಸ್ಸು ಬಂತು.

ಈಗ ಹೇಳು, ನನಗೆ ನಾಟಕ ನೋಡೋಕೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಮೈ ಸರಿಯಾಗಿಯೇ ತೀರ್ಪು ಕೊಟ್ಟಿತ್ತು. ಪಕ್ಕದವರ ಮುಖ ನೋಡಿದ ಮೇಲೆ ಕೈ ಬೇರೆ ಬರೆಯಿತು. ನೀನು ಕತ್ತಲಲ್ಲಿ ಓಡಿದೆಯಲ್ಲ, ಅಲ್ಲಿ ನಿನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ಅದನ್ನು ಯೋಚನೆ ಮಾಡು.

ಅಂದಮಾತ್ರಕ್ಕೆ ಆ ಸಿನಿಮಾ ಚೆನ್ನಾಗಿದೆ ಅಂತ ನಾನು ಹೇಳೋದಿಲ್ಲ. ಕೊನೆಯ ಅರ್ಧ ಗಂಟೆ ಆ ಸೀನುವ ದೆವ್ವವೇ. ಮಣ್ಣಿನೊಳಗೆ ಏನೋ ಹೆಗ್ಗಣ ತೋಡಿಕೊಂಡು ಬಂದ ಹಾಗೆ ದಿಬ್ಬ ಏಳುತ್ತದೆ, ಆಕಾಶ ಕೆಂಪಗಾಗುತ್ತದೆ, ಬೆಂಕಿ ಹಚ್ಚುತ್ತಾರೆ. ಅಲ್ಲಿ ನಕ್ಕರೆ ತಪ್ಪೇನಿಲ್ಲ, ನಾನೂ ನಕ್ಕೆ. ಮೊದಲ ಅರ್ಧದಲ್ಲಿ ಬರೀ ಗಾಳಿ, ಜೋಳ, ಖಾಲಿ ಊರು. ಗಾಳಿಗೆ ಏನು ಖರ್ಚು? ದುಡ್ಡಿಲ್ಲದ ಕಡೆ ಚೆನ್ನಾಗಿದೆ, ದುಡ್ಡು ಬೇಕಾದ ಕಡೆ ಕೆಟ್ಟಿದೆ. ಇನ್ನೊಂದು ಸಂಕಟ ನನಗೆ. ದೊಡ್ಡವರನ್ನು ಮಕ್ಕಳು ಕೊಂದದ್ದನ್ನು ಸಿನಿಮಾ ಮೊದಲೇ ತೋರಿಸಿಬಿಡುತ್ತದೆ, ಆ ಕಾಫಿ ಹೋಟೆಲ್ಲಿನಲ್ಲಿ. ಆ ದೃಶ್ಯ ಭಯಂಕರವಾಗಿಯೇ ಇದೆ, ಕಿಟಕಿಯ ಆಚೆ ಮಕ್ಕಳ ಮುಂದಾಳು ಆ ಪುಟ್ಟ ಪೂಜಾರಿ ಟೋಪಿ ಹಾಕಿಕೊಂಡು ಸುಮ್ಮನೆ ನೋಡುತ್ತಾನಲ್ಲ. ಆದರೆ ಕಥೆಯಲ್ಲಿ ನಾವು ದಫ್ತರ ಓದಿ ಕಂಡುಕೊಳ್ಳಬೇಕಿದ್ದ ಗುಟ್ಟನ್ನು ಇಲ್ಲಿ ಬಾಗಿಲಲ್ಲೇ ಕೈಗೆ ಕೊಟ್ಟರು. ಆ ಹುಡುಗನ ಪಾತ್ರ ಮಾಡಿದವನಿಗೆ ಆಗ ಇಪ್ಪತ್ತು ದಾಟಿತ್ತಂತೆ, ಮೊಮ್ಮಗ ಹೇಳಿದ. ನನಗೆ ನಂಬಲಾಗಲಿಲ್ಲ. ಅವನಿಗಂತೂ ಅಂಕ ಕಡಿಮೆ ಮಾಡಬೇಡ.

ನಿಮ್ಮ ದೊಡ್ಡಪ್ಪ ಇದ್ದಾಗ 1942ರ ಒಂದು ಸಿನಿಮಾ ತೋರಿಸಿದ್ದರು, 'ಕ್ಯಾಟ್ ಪೀಪಲ್'. ಒಂದೂವರೆ ಲಕ್ಷ ಡಾಲರ್ ಕೂಡ ಖರ್ಚಾಗಿರಲಿಲ್ಲ. ರಾತ್ರಿ ಒಬ್ಬಳು ನಡೆದು ಬರುತ್ತಾಳೆ, ಹಿಂದೆ ಹೆಜ್ಜೆ ಸದ್ದು, ಆಮೇಲೆ ಸದ್ದೂ ಇಲ್ಲ. ತಟ್ಟನೆ ಬುಸ್ ಅಂತ ಬಸ್ಸೊಂದು ಬಂದು ನಿಲ್ಲುತ್ತದೆ. ನಾನು ಕೂತಲ್ಲೇ ಹಾರಿಬಿದ್ದಿದ್ದೆ. ಅದನ್ನು ಮಾಡಿದ ಜಾಕ್ ಟೂರ್ನರ್‌ನೇ 1957ರಲ್ಲಿ ಇಂಗ್ಲಿಷಿನ ದೆವ್ವದ ಕಥೆಗಾರ ಎಂ. ಆರ್. ಜೇಮ್ಸ್ ಅವರ ಒಂದು ಸಣ್ಣಕಥೆಯನ್ನು ಸಿನಿಮಾ ಮಾಡಿದ. ಅದರಲ್ಲಿ ರಾಕ್ಷಸನನ್ನು ಅಷ್ಟು ಢಾಳಾಗಿ ತೋರಿಸೋದು ಅವನಿಗೆ ಬೇಡವಾಗಿತ್ತು, ನಿರ್ಮಾಪಕ ಕೇಳಲಿಲ್ಲ. ಹಾಗಾಗಿ ಅಕ್ಕಿಹಿಟ್ಟಿನ ದೆವ್ವವನ್ನು ಯಾರು ತಂದು ನಿಲ್ಲಿಸಿದರು ಅನ್ನೋದು ಹೊರಗೆ ಕೂತವರಿಗೆ ಯಾವಾಗಲೂ ಗೊತ್ತಾಗೋದಿಲ್ಲ. ನಮ್ಮ ಆ ಮೇಷ್ಟ್ರಿಗೂ ಹೆಡ್‌ಮಾಸ್ಟರು ದೆವ್ವ ಬೇಕೇ ಬೇಕು ಅಂದಿದ್ದರೋ ಏನೋ. ಬಸ್ಸು ಬಾರದಿದ್ದರೆ ಕೇಳುತ್ತಿದ್ದೆನೇ? ಇಲ್ಲ ಬಿಡು, ಕೇಳುತ್ತಿರಲಿಲ್ಲ.

ಬುದ್ಧಿ ಹೇಳು ಅಂತ ನೀನು ಕೇಳಲೂ ಇಲ್ಲ. ಆದರೂ ದೊಡ್ಡವ್ವ ಅಲ್ವಾ, ಒಂದೆರಡು ಮಾತು. ಇನ್ನೊಂದು ಸಲ ಒಬ್ಬಳೇ ನೋಡು. ಹಗಲಲ್ಲೇ ನೋಡು. ಭಯ ಎಷ್ಟನೇ ನಿಮಿಷಕ್ಕೆ ಬಂತು, ಎಷ್ಟನೇ ನಿಮಿಷಕ್ಕೆ ಹೋಯಿತು ಅಂತ ಒಂದು ಚೀಟಿಯಲ್ಲಿ ಗುರುತು ಹಾಕಿಕೋ. ಅಂಕ ಆಮೇಲೆ. ಬಡವರ ಸಿನಿಮಾ ಪಾಪ ಅಂತ ಎರಡು ಅಂಕ ಜಾಸ್ತಿ ಹಾಕಿದರೆ ಅದೂ ಒಂಥರಾ ನಗುವೇ. ಪಾಪ ಅನ್ನಿಸಿಕೊಂಡವರು ನಮ್ಮ ಮುಖ ನೋಡುತ್ತಾರೆ, ಅವರಿಗೆ ಗೊತ್ತಾಗುತ್ತದೆ. ಮೂರೇ ಇರಲಿ ಬೇಕಾದರೆ. ಮೂರು ಯಾವುದಕ್ಕೆ ಅಂತ ಬರೆ. ಷರಾ ಕಾಲಂ ಖಾಲಿ ಬಿಡಬೇಡ. ಇದನ್ನು ಹೇಳುವ ಹಕ್ಕು ನನಗಿಲ್ಲ ಅಂತ ಗೊತ್ತು.

ನಿನ್ನ ಜೊತೆಯ ಹುಡುಗರು ನಕ್ಕರೆ ನಗಲಿ. ಓಡಿದ್ದನ್ನು ಮೊದಲ ಸಾಲಿನಲ್ಲೇ ಬರೆದರೆ ಹೇಗಿರುತ್ತದೆ? ನಾಚಿಕೆ ಆದರೆ ಎರಡನೇ ಸಾಲಿನಲ್ಲಿ ಬರೆ.

ಇಲ್ಲಿ ನಿನ್ನೆಯಿಂದ ಹಿತ್ತಲ ಹೊಲದ ಕೊಯ್ಲು. ಯಂತ್ರ ಬಂದಿದೆ, ದೂಳಿಗೆ ಬಟ್ಟೆ ಒಣಗಿಸುವ ಹಾಗಿಲ್ಲ. ಅರ್ಧ ಹೊಲ ಬಯಲಾಗಿದೆ, ಇನ್ನರ್ಧ ನಿಂತೇ ಇದೆ. ರಾತ್ರಿ ಪಾತ್ರೆ ತೊಳೆದ ನೀರು ಚೆಲ್ಲಲು ಹೋದಾಗ ಆ ಕಡೆ ಸರಸರ ಅಂದಿತು. ಕಾಡುಹಂದಿ ಇರಬೇಕು. ನಾನು ಚೆಲ್ಲದೆ ಒಳಗೆ ಬಂದೆ.

ಈ ಹಾಳೆಗಳನ್ನು ಮೊಮ್ಮಗ ಫೋಟೋ ತೆಗೆದು ಕಳಿಸುತ್ತಾನೆ, ಅಕ್ಷರ ಕಾಣದಿದ್ದರೆ ಹೇಳು. ನೀನು ಬರೆದದ್ದನ್ನು ಕಳಿಸು, ಇಂಗ್ಲಿಷಿನಲ್ಲಿದ್ದರೂ ಪರವಾಗಿಲ್ಲ. ಮತ್ತೆ, ಆ ಬಸ್ ಸ್ಟಾಪಿನಿಂದ ನಿನ್ನ ರೂಮಿಗೆ ಎಷ್ಟು ದೂರ, ದಾರಿಯಲ್ಲಿ ದೀಪ ಇದೆಯಾ ಅಂತ ನೀನು ಬರೆಯಲೇ ಇಲ್ಲ.

ನಿನ್ನ,
ದೊಡ್ಡವ್ವ