ಬಿಲ್ ಪಾವತಿಗೆ ಮೊದಲು ಸಭೆಯ ಪರಿಶೀಲನೆ ನಡೆಯಲಿ

ಮಾನ್ಯ ಸಂಪಾದಕರೇ,

ಕೊಡಗಿನ ನಮ್ಮ ಪಟ್ಟಣದ ನಡುಭಾಗವನ್ನು ಹೊಸದಾಗಿ ರೂಪಿಸುವ ಕಾಮಗಾರಿ ಕಳೆದ ಮಳೆಗಾಲಕ್ಕೂ ಮೊದಲೇ ಆರಂಭವಾಗಿದೆ. ಮುಖ್ಯರಸ್ತೆಯ ಅಗಲೀಕರಣ, ಎರಡೂ ಬದಿಗೆ ಕಾಂಕ್ರೀಟ್ ಚರಂಡಿ, ಅದರ ಮೇಲೆ ಇಂಟರ್‌ಲಾಕ್ ಹಾಸಿದ ಪಾದಚಾರಿ ಮಾರ್ಗ, ಸಂತೆಮಾಳಕ್ಕೆ ಮೇಲ್ಛಾವಣಿ ಇವೆಲ್ಲ ಬೇಕಾದವೇ. ಈ ರಸ್ತೆಯಲ್ಲಿ ಮೂರು ದಶಕಗಳಿಂದ ಅಂಗಡಿ ನಡೆಸುತ್ತಿರುವ ನಾನು ಇವುಗಳಿಗಾಗಿ ಹಲವು ಬಾರಿ ಮನವಿ ಕೊಟ್ಟವರಲ್ಲಿ ಒಬ್ಬ. ಆದ್ದರಿಂದ ಕಾಮಗಾರಿಯನ್ನು ತಡೆಯುವುದು ಈ ಪತ್ರದ ಉದ್ದೇಶವಲ್ಲ. ಪಟ್ಟಣದ ಆಡಳಿತಕ್ಕೆ ನಾವು ಆರಿಸಿ ಕಳಿಸಿದ ಸದಸ್ಯರ ಸಭೆ ಈ ಕಾಮಗಾರಿಯನ್ನು ನಡುವೆ ಒಮ್ಮೆಯಾದರೂ ತೆರೆದು ನೋಡಬೇಕು, ಬಿಲ್ ಪಾವತಿಯಾದ ಮೇಲೆ ಅಲ್ಲ ಎಂಬುದಷ್ಟೇ ನನ್ನ ಕೋರಿಕೆ.

ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ರಸ್ತೆಯ ನೀರು ನನ್ನ ಅಂಗಡಿಯೂ ಸೇರಿದಂತೆ ಕೆಳಭಾಗದ ಐದಾರು ಅಂಗಡಿಗಳಿಗೆ ನುಗ್ಗಿತು. ಹಳೆಯ ಕಲ್ಲು ಚರಂಡಿ ಇದ್ದಷ್ಟು ಕಾಲ ಹೀಗಾಗಿರಲಿಲ್ಲ. ಮರುದಿನ ಅಕ್ಕಪಕ್ಕದವರು ಸೇರಿ ಹಾರೆ ಹಾಕಿ ಒಂದು ಸ್ಲ್ಯಾಬ್ ಎತ್ತಿ ನೋಡಿದಾಗ ಕಂಡದ್ದು ಇಷ್ಟು: ಚರಂಡಿಯೊಳಗೆ ಕಾಲುಭಾಗವೂ ನೀರಿಲ್ಲ. ರಸ್ತೆಯ ನೀರು ಒಳಗಿಳಿಯಲು ಸ್ಲ್ಯಾಬ್‌ಗಳ ನಡುವೆ ಬಿಡಬೇಕಾದ ಕಂಡಿಗಳನ್ನು ಸಿಮೆಂಟ್ ಮೆತ್ತಿ ಮುಚ್ಚಲಾಗಿತ್ತು. ಟೇಪ್ ಇಳಿಸಿ ಅಳೆದೆವು. ಮೇಲ್ಭಾಗದಲ್ಲಿ ಎರಡೂವರೆ ಅಡಿ ಆಳವಿದ್ದ ಚರಂಡಿ, ನೀರೆಲ್ಲ ಬಂದು ಸೇರುವ ಕೆಳಗಿನ ಮೋರಿಯ ಬಳಿ ಎರಡು ಅಡಿಯೂ ಇರಲಿಲ್ಲ. ಇಳಿಜಾರಿನ ಊರಿನಲ್ಲಿ ನೀರು ಕೆಳಗೆ ಹೋದಂತೆ ಹೆಚ್ಚುತ್ತದೆ ಎಂಬುದನ್ನು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲದ ಕಡೆ ಬೆಟ್ಟವೇ ಜಾರಿದ್ದನ್ನು ಕಂಡ ಜಿಲ್ಲೆ ಇದು. ಹರಿಯುವ ನೀರಿಗೆ ದಾರಿ ಕೊಡದೆ ಯಾವ ಕಾಮಗಾರಿಯೂ ಇಲ್ಲಿ ಬಾಳಿಕೆ ಬರುವುದಿಲ್ಲ.

ಈ ವಿಷಯ ಚರ್ಚೆಗೆ ಬರಬಹುದೆಂದು ಮುಂದಿನ ಸಾಮಾನ್ಯ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಕಾಮಗಾರಿಯ ಭಾಗ ಬಿಲ್ ಪಾವತಿಯಾದ ವಿಷಯ ಘಟನೋತ್ತರ ಮಂಜೂರಾತಿಗೆಂದು, ಅಂದರೆ ಹಣ ಕೊಟ್ಟಾದ ಮೇಲಿನ ಒಪ್ಪಿಗೆಗೆಂದು, ಅಜೆಂಡಾದ ಕೊನೆಯಲ್ಲಿತ್ತು. ನಮ್ಮ ವಾರ್ಡಿನ ಸದಸ್ಯೆ ಎದ್ದು ನಿಂತು ಚರಂಡಿಯ ಆಳದ ಬಗ್ಗೆ ಕೇಳಿದರು. ಕ್ರಿಯಾಯೋಜನೆ ಮೇಲಿನ ಹಂತದಲ್ಲಿ ಮಂಜೂರಾಗಿದೆ, ಇದರಲ್ಲಿ ಸಭೆ ನಿರ್ಧರಿಸುವಂಥದ್ದು ಏನೂ ಇಲ್ಲ ಎಂಬ ಉತ್ತರ ಬಂತು. ಎರಡು ನಿಮಿಷದಲ್ಲಿ ಸಭೆ ಮುಂದಿನ ವಿಷಯಕ್ಕೆ ಹೋಯಿತು. ಆ ಸದಸ್ಯೆ ಕೇಳಿದ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗಿಲ್ಲ ಎಂಬುದು ಆಮೇಲೆ ಪ್ರತಿ ಪಡೆದಾಗ ತಿಳಿಯಿತು. ನನಗೆ ಅಂದು ನೋವಾದದ್ದು ಅಂಗಡಿಗೆ ನುಗ್ಗಿದ ನೀರಿಗಿಂತ ಇದಕ್ಕೆ ಹೆಚ್ಚು.

ಈ ಉತ್ತರ ಒಪ್ಪತಕ್ಕದ್ದಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಸೇರಿಸಿದ 12ನೇ ಅನುಸೂಚಿಯಲ್ಲಿ ನಗರ, ಪಟ್ಟಣಗಳ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದೆಂದು ಪಟ್ಟಿ ಮಾಡಿದ 18 ವಿಷಯಗಳಲ್ಲಿ ಪಟ್ಟಣ ಯೋಜನೆ, ರಸ್ತೆ ಮತ್ತು ಸೇತುವೆ, ಬಸ್ ತಂಗುದಾಣ, ಬೀದಿ ದೀಪದಂಥ ಸಾರ್ವಜನಿಕ ಸೌಲಭ್ಯಗಳು ಸೇರಿವೆ. ಹಣ ಯಾವ ಯೋಜನೆಯದೇ ಆಗಿರಲಿ, ಕೆಲಸ ನಡೆಯುತ್ತಿರುವುದು ಈ ಸಭೆಯ ವ್ಯಾಪ್ತಿಯಲ್ಲಿ. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ ಮಾತ್ರ. 2011ರ ಜನಗಣತಿಯಂತೆ ನಮ್ಮ ಇಡೀ ಜಿಲ್ಲೆಯ ಜನಸಂಖ್ಯೆಯೇ 5,54,519. ಅಂದರೆ ಮಡಿಕೇರಿಯಿಂದ ಸೋಮವಾರಪೇಟೆಯವರೆಗೆ ಕೊಡಗಿನ ಯಾವ ಪಟ್ಟಣವೂ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ನಮ್ಮಂಥ ಸಣ್ಣ ಊರುಗಳಲ್ಲಿ ಜನರ ಪರವಾಗಿ ಕೇಳಲು ಇರುವುದು ಚುನಾಯಿತ ಸಭೆ ಒಂದೇ. ಅದು ಸುಮ್ಮನಾದರೆ ಕೇಳುವವರು ಬೇರೆ ಯಾರೂ ಇಲ್ಲ.

ಸಂತೆಮಾಳದ ವಿಚಾರದಲ್ಲೂ ಹೀಗೆಯೇ ಆಗಿದೆ. ಮಳೆಗಾಲದಲ್ಲಿ ಕಣಿಲೆ, ಕೆಸುವಿನ ಸೊಪ್ಪು, ಅಣಬೆ ತಂದು ಗೋಣಿ ಹಾಸಿ ಮಾರುವ ಹೆಂಗಸರನ್ನು ಮೇಲ್ಛಾವಣಿಯ ಕೆಲಸಕ್ಕೆಂದು ಎಬ್ಬಿಸಲಾಯಿತು. ಈಗ ಅವರು ಬಸ್ಸುಗಳು ತಿರುಗುವ ಜಾಗದಲ್ಲಿ ಕೊಡೆ ಹಿಡಿದು ಕುಳಿತಿದ್ದಾರೆ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆಯಂತೆ ಸ್ಥಳಾಂತರಕ್ಕೆ 30 ದಿನಗಳ ನೋಟಿಸ್ ಕೊಡಬೇಕು. ಅದೇ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇ. 40ಕ್ಕೆ ಕಡಿಮೆ ಇರಬಾರದು. ಹೊಸ ಮೇಲ್ಛಾವಣಿಯ ಕೆಳಗೆ ಈ ಹೆಂಗಸರಿಗೆ ಎಷ್ಟು ಜಾಗ ಎಂಬುದನ್ನು ಆ ಸಮಿತಿಯ ಮುಂದಿಟ್ಟು, ಸಭೆಯಲ್ಲಿ ನಿರ್ಣಯಿಸಿ, ಬರಹದಲ್ಲಿ ಕೊಡಬೇಕು.

ಆಡಳಿತಕ್ಕೆ ಇದರಿಂದ ಹೆಚ್ಚಿನ ಹೊರೆಯೇನೂ ಆಗದು. ಕಾಮಗಾರಿ ಮುಗಿಯುವವರೆಗೆ ಸ್ಥಾಯಿ ಸಮಿತಿ ತಿಂಗಳಿಗೊಮ್ಮೆ ಇಂಜಿನಿಯರ್ ಜೊತೆ ಸ್ಥಳಕ್ಕೆ ಬಂದು, ಅಳತೆ ಪುಸ್ತಕದಲ್ಲಿ ಬರೆದಿರುವುದನ್ನೂ ನೆಲದ ಮೇಲಿರುವುದನ್ನೂ ತಾಳೆ ನೋಡಿ, ತನ್ನ ವರದಿಯನ್ನು ಮುಂದಿನ ಬಿಲ್‌ಗೆ ಮೊದಲು ಸಭೆಯ ಮುಂದಿಟ್ಟರೆ ಸಾಕು. ಅಂದಾಜು ಪಟ್ಟಿ ಮತ್ತು ನಕ್ಷೆಯನ್ನು ಕನ್ನಡದಲ್ಲಿ ಕಚೇರಿಯ ಹೊರಗೆ ಹಾಕಿದರೆ ನಾವು ಮಾಹಿತಿ ಹಕ್ಕಿನ ಅರ್ಜಿ ಹಿಡಿದು 30 ದಿನ ಕಾಯಬೇಕಾಗಿಲ್ಲ. 2005ರ ಆ ಕಾಯ್ದೆಯ 4ನೇ ಪ್ರಕರಣ ಇಂಥ ಮಾಹಿತಿಯನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆನ್ನುತ್ತದೆ.

ಮುಂದಿನ ಜೂನ್ ಬರುವ ಮೊದಲು ಕೆಳಗಿನ ಮೋರಿಯ ಬಳಿಯ ನಾಲ್ಕು ಸ್ಲ್ಯಾಬ್‌ಗಳನ್ನು ಸದಸ್ಯರೆಲ್ಲರ ಎದುರು ಎತ್ತಿಸಿ ಆಳ ಅಳೆಯಬೇಕು, ಅಲ್ಲಿಯವರೆಗೆ ಅಂತಿಮ ಬಿಲ್‌ಗೆ ಸಭೆ ಒಪ್ಪಿಗೆ ಕೊಡಬಾರದು ಎಂದು ಕೋರುತ್ತೇನೆ. ಸ್ಲ್ಯಾಬ್ ಎತ್ತಲು ಆಳು ಬೇಕಾದರೆ ಮುಖ್ಯರಸ್ತೆಯ ವರ್ತಕರು ನಾವೇ ಒದಗಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಮುಖ್ಯರಸ್ತೆಯ ಒಬ್ಬ ವರ್ತಕ, ಕೊಡಗು