ಕನ್ನಡ ಮಾಧ್ಯಮಕ್ಕೆ ಟ್ಯೂಷನ್ ಫಲಿಸದೇ?

ಮಾನ್ಯ ಸಂಪಾದಕರೇ,

'ಟ್ಯೂಷನ್‌ನಿಂದ ಮಲಯಾಳ ಮಾಧ್ಯಮದ ಮಕ್ಕಳಿಗೆ ಲಾಭ, ಕನ್ನಡ ಮಾಧ್ಯಮದವರಿಗಿಲ್ಲ' ಎಂಬ ಧಾಟಿಯ ಸಮೀಕ್ಷೆಯನ್ನು ಸುದ್ದಿ ಮಾಡುವ ಮುನ್ನ ಒಂದು ಮಾತು ಕೇಳಿ: ಎರಡು ಗುಂಪುಗಳ ನಡುವಿನ ವ್ಯತ್ಯಾಸವನ್ನೇ ಪರೀಕ್ಷಿಸಿದ್ದಾರೆಯೇ? ಅಥವಾ ಬೇರೆ ಬೇರೆ ಲೆಕ್ಕ ಹಾಕಿ, ಒಂದರಲ್ಲಿ ಪಿ ಮೌಲ್ಯ (ನಿಜವಾಗಿ ಪರಿಣಾಮವೇ ಇಲ್ಲದಿದ್ದರೂ ಇಷ್ಟು ದೊಡ್ಡ ಫಲಿತಾಂಶ ಬರುವ ಸಂಭವ; 0.05ಕ್ಕಿಂತ ಕಡಿಮೆಯಾದರೆ 'ಅರ್ಥಪೂರ್ಣ' ಎನ್ನುವುದು ರೂಢಿ) 0.05ಕ್ಕಿಂತ ಕೆಳಗೆ, ಇನ್ನೊಂದರಲ್ಲಿ ಮೇಲೆ ಬಂತೆಂದು ಸುಮ್ಮನಾದರೇ?

ಕಾಸರಗೋಡಿನಲ್ಲಿ ಈ ಅಡ್ಡದಾರಿ ಹೆಚ್ಚು ಅಪಾಯಕಾರಿ, ಏಕೆಂದರೆ ಎಷ್ಟೋ ಕಡೆ ಕನ್ನಡ ವಿಭಾಗ ಚಿಕ್ಕದು. ಮಲಯಾಳದವರು 200, ಕನ್ನಡದವರು 40 ಎಂದಿಟ್ಟುಕೊಳ್ಳಿ. ವಾರಕ್ಕೆ ಒಂದು ಗಂಟೆ ಹೆಚ್ಚು ಟ್ಯೂಷನ್‌ಗೆ ಎರಡೂ ಕಡೆ ಸರಿಯಾಗಿ 2 ಅಂಕ ಏರುತ್ತದೆ. ದೊಡ್ಡ ಗುಂಪಿನಲ್ಲಿ ಪ್ರಮಾಣ ದೋಷ (ಅಂದಾಜಿನ ಅನಿಶ್ಚಿತತೆಯ ಅಳತೆ) 0.8 ಇದ್ದರೆ, ಅಂಕಗಳ ಹರಡು ಒಂದೇ ತೆರನಾಗಿದ್ದರೂ ಚಿಕ್ಕದರಲ್ಲಿ ಸುಮಾರು 1.8. ಟಿ ಮೌಲ್ಯ (ಪರಿಣಾಮವನ್ನು ಪ್ರಮಾಣ ದೋಷದಿಂದ ಭಾಗಿಸಿದ್ದು; ಸುಮಾರು 2 ದಾಟಿದರೆ ಅರ್ಥಪೂರ್ಣ) ಅಲ್ಲಿ 2.5, ಇಲ್ಲಿ 1.1. ಪರಿಣಾಮ ಒಂದೇ, ಆದರೂ ಕೋಷ್ಟಕದಲ್ಲಿ 'ಅರ್ಥಪೂರ್ಣ' ಎಂಬ ನಕ್ಷತ್ರ ಗುರುತು ಒಂದಕ್ಕೆ ಮಾತ್ರ!

ಸರಿಯಾದ ದಾರಿ ಕಷ್ಟದ್ದಲ್ಲ. ಎಲ್ಲ ಮಕ್ಕಳನ್ನು ಒಂದೇ ಕಡತದಲ್ಲಿಡಿ. ಮಾಧ್ಯಮಕ್ಕೆ ಮಲಯಾಳ 0, ಕನ್ನಡ 1 ಎಂದು ಸಂಖ್ಯೆ ಕೊಡಿ. ಅಕ್ಷರದಲ್ಲಿ ಬರೆದರೆ ಸಂಖ್ಯಾಶಾಸ್ತ್ರದ ತಂತ್ರಾಂಶವಾದ ಎಸ್‌ಪಿಎಸ್‌ಎಸ್‌ನ ರಿಗ್ರೆಷನ್ (ಒಂದು ಅಂಶ ಬದಲಾದಂತೆ ಅಂಕ ಎಷ್ಟು ಬದಲಾಗುತ್ತದೆಂದು ಅಳೆಯುವ ಲೆಕ್ಕ) ತೆಗೆದುಕೊಳ್ಳುವುದಿಲ್ಲ. ಟ್ಯೂಷನ್ ಗಂಟೆಯಿಂದ ಅದರ ಸರಾಸರಿಯನ್ನು ಕಳೆದು, ಬಂದದ್ದನ್ನು ಮಾಧ್ಯಮದಿಂದ ಗುಣಿಸಿ ಹೊಸ ಚರ (ಅಂಕಿಗಳ ಕಾಲಂ) ಮಾಡಿ. ಗಂಟೆ, ಮಾಧ್ಯಮ, ಗುಣಲಬ್ಧ, ಈ ಮೂರನ್ನೂ ರಿಗ್ರೆಷನ್‌ಗೆ ಹಾಕಿ. ಮಾಡರೇಷನ್‌ನ (ಟ್ಯೂಷನ್ ಪರಿಣಾಮ ಮಾಧ್ಯಮಕ್ಕೆ ತಕ್ಕಂತೆ ಬದಲಾಗುವುದರ) ತೀರ್ಪು ಇರುವುದು ಗುಣಲಬ್ಧದ ಸಾಲಿನಲ್ಲಿ, ಅದೂ 'ಬಿ' (ಅಂಕದ ಲೆಕ್ಕದಲ್ಲೇ ಪರಿಣಾಮ) ಕಾಲಂನಲ್ಲಿ. ಪಕ್ಕದ ಪ್ರಮಾಣೀಕೃತ 'ಬೀಟಾ' ಇಲ್ಲಿ ನಂಬತಕ್ಕದ್ದಲ್ಲ. ಆಂಡ್ರ್ಯೂ ಹೇಯ್ಸ್ ಅವರ ಪ್ರೋಸೆಸ್ ಮ್ಯಾಕ್ರೋದಲ್ಲಿ (ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಸಿದ್ಧ ಆದೇಶಗಳ ಕಡತ) ಇದೇ ಕೆಲಸ ಮಾಡೆಲ್ 1. ಕಾಸಿಲ್ಲದವರಿಗೆ ಜಮೋವಿ, ಆರ್ ಎಂಬ ತಂತ್ರಾಂಶಗಳು ಉಚಿತ. ಆರ್‌ನಲ್ಲಿ ಎರಡು ಚರಗಳ ನಡುವೆ ನಕ್ಷತ್ರ ಚಿಹ್ನೆ ಹಾಕಿದರೆ ಮೂರೂ ಬರುತ್ತವೆ. ಕೋಲನ್ ಮಾತ್ರ ಹಾಕಿದರೆ ಮೂಲ ಚರಗಳು ಬಿಟ್ಟುಹೋಗಿ ಉತ್ತರ ಕೆಡುತ್ತದೆ.

ಸರಾಸರಿ ಕಳೆಯುವುದರಿಂದ ಗುಣಲಬ್ಧದ ಬಿ, ಟಿ, ಪಿ ಕೂದಲೆಳೆಯಷ್ಟೂ ಬದಲಾಗವು. ಮಲ್ಟಿಕೊಲಿನಿಯಾರಿಟಿ (ಚರಗಳು ಒಂದಕ್ಕೊಂದು ತೀರಾ ಹೊಂದಿಕೊಂಡಿರುವ ತೊಂದರೆ) ಹೋಗುತ್ತದೆಂದು ಪ್ರಬಂಧದಲ್ಲಿ ಬರೆಯುವ ವಾಕ್ಯ ಬರೀ ವಾಡಿಕೆ. ಬದಲಾಗುವುದು ಮಾಧ್ಯಮದ ಸಾಲು: ಸರಾಸರಿ ಟ್ಯೂಷನ್ ಪಡೆವ ಮಕ್ಕಳಲ್ಲಿ ಎರಡು ಮಾಧ್ಯಮಗಳ ಅಂತರವನ್ನು ಅದು ಹೇಳುತ್ತದೆ. ಇನ್ನು ಗಂಟೆಯ ಸಾಲು 0 ಎಂದು ಗುರುತಿಸಿದ ಮಲಯಾಳ ಗುಂಪಿನದ್ದೇ ಹೊರತು ಎಲ್ಲರದ್ದಲ್ಲ. ಇದನ್ನು ಒಟ್ಟಾರೆ ಪರಿಣಾಮವೆಂದು ಓದುವವರೇ ಹೆಚ್ಚು.

ಎಸ್ಸೆಸ್ಸೆಲ್ಸಿ ಗ್ರೇಡನ್ನು ಅಂಕವಾಗಿ ಬಳಸುವುದು ಇನ್ನೊಂದು ಬಲೆ. ಎ ಪ್ಲಸ್‌ಗೆ ಮೇಲೆ ಜಾಗವಿಲ್ಲ. ಮೊದಲೇ ಅಲ್ಲಿರುವ ಗುಂಪಿಗೆ ಟ್ಯೂಷನ್ ಏನೂ ಮಾಡಿದಂತೆ ಕಾಣುವುದಿಲ್ಲ, ಅದೇ ಮಾಡರೇಷನ್ ಎಂದು ವರದಿಯಾಗುತ್ತದೆ. 100 ಅಂಕದ ಪ್ರತ್ಯೇಕ ಪರೀಕ್ಷೆ ಕೊಡುವುದು ಲೇಸು.

ಗುಣಲಬ್ಧ ಅರ್ಥಪೂರ್ಣವಾಗಿ ಬರದಿದ್ದರೆ ಎರಡೂ ಮಾಧ್ಯಮ ಸಮವೆಂದೂ ಅಲ್ಲ. ಮೇಲಿನ ಲೆಕ್ಕದಲ್ಲಿ ವ್ಯತ್ಯಾಸ ಸೊನ್ನೆ, ಆದರೆ 95% ವಿಶ್ವಾಸಾಂತರ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ಮೈನಸ್ 4ರಿಂದ ಪ್ಲಸ್ 4ರ ಹತ್ತಿರ. 40 ಮಕ್ಕಳಿಂದ ಹೇಳಲಾಗುವುದು ಅಷ್ಟೇ.

ಆದ್ದರಿಂದ ವರದಿಗಾರರು ಸಮೀಕ್ಷಕರಿಂದ ಗುಣಲಬ್ಧದ ಬಿ, ಅದರ ವಿಶ್ವಾಸಾಂತರ, ಪ್ರತಿ ಮಾಧ್ಯಮದ ಮಕ್ಕಳ ಸಂಖ್ಯೆ ಇವನ್ನು ಕೇಳಿ ಪಡೆದು ಸುದ್ದಿಯಲ್ಲೇ ಅಚ್ಚು ಹಾಕಲಿ. ಕೊಡದಿದ್ದರೆ ತಲೆಬರಹದಲ್ಲಿ ಮಾಧ್ಯಮಗಳ ಹೋಲಿಕೆ ಬೇಡ.

– ಸಂಖ್ಯಾಶಾಸ್ತ್ರ ಅಧ್ಯಾಪಕರು, ಕಾಸರಗೋಡು