ಹಪ್ಪಳದ ಫೋಟೋ ವಿಷಯವಾಗಿ ನಮ್ಮ ಗಿರಾಕಿಗಳಿಗೆ

ಎಲ್ಲರಿಗೂ ನಮಸ್ಕಾರ,

ಹಪ್ಪಳ, ಉಪ್ಪಿನಕಾಯಿ, ಜೇನು, ಕಾಫಿಪುಡಿ ಅಂತ ಚಿಕ್ಕಮಗಳೂರಿನ ನಮ್ಮ ಅಂಗಡಿಗೇ ಬಂದು ತಗೊಂಡು ಹೋಗೋರಿಗೆ ಈ ಕಾಗದ ಅಷ್ಟಾಗಿ ಬೇಕಿಲ್ಲ, ನೀವು ಡಬ್ಬಿ ಮುಚ್ಚಳ ತೆಗ್ದು ಮೂಸಿ ನೋಡಿ ಆಮೇಲೆ ರೇಟ್ ಕೇಳೋರು. ಇದು ಬೆಂಗಳೂರಲ್ಲೋ ಪುಣೆಯಲ್ಲೋ ಕೂತು ಮೊಬೈಲಲ್ಲಿ ಫೋಟೋ ನೋಡಿ ಆರ್ಡರ್ ಮಾಡೋರಿಗೆ. ಸುತ್ತಿ ಬಳಸಿ ಹೇಳಿದ್ರೆ ಇನ್ನೂ ಅನುಮಾನ ಬರುತ್ತೆ, ಅದಕ್ಕೆ ಮೊದಲೇ ಹೇಳಿಬಿಡ್ತೀನಿ. ಹೋದ ಆಗಸ್ಟ್‌ನಿಂದ ಆನ್‌ಲೈನ್‌ನಲ್ಲಿ ನೀವು ನೋಡ್ತಿದ್ದ ನಮ್ಮ ಫೋಟೋಗಳಲ್ಲಿ ಮುಕ್ಕಾಲು ಪಾಲು ಕ್ಯಾಮೆರಾದಲ್ಲಿ ತೆಗೆದಿದ್ದಲ್ಲ, ಎಐ ಹತ್ರ, ಅಂದ್ರೆ ಹೇಳಿದ್ದನ್ನ ಚಿತ್ರ ಮಾಡಿಕೊಡೋ ಕಂಪ್ಯೂಟರ್ ಹತ್ರ ಮಾಡಿಸಿದ್ದು. ಅದನ್ನ ನಾವು ಎಲ್ಲೂ ಬರೆದಿರ್ಲಿಲ್ಲ. ಬರೀಬೇಕಿತ್ತು. ತಪ್ಪಾಯ್ತು.

ಇನ್ಮೇಲೆ ಪ್ರತಿ ಸಾಮಾನಿನ ಮೊದಲನೇ ಫೋಟೋ ನಿಜದ್ದೇ ಇರುತ್ತೆ, ನಿಮ್ಮ ಮನೆಗೆ ಬರೋ ಪ್ಯಾಕೆಟ್ಟು, ನಿಮ್ಮ ಮನೆಗೆ ಬರೋ ಬಾಟ್ಲಿ. ಹಬ್ಬದ ಪೋಸ್ಟರ್ ಥರದ್ದಕ್ಕೆ ಎಲ್ಲಾದ್ರೂ ಎಐ ಬಳಸಿದ್ರೆ ಚಿತ್ರದ ಮೇಲೇ "ಎಐ ಚಿತ್ರ, ಸಾಮಾನಿನ ಫೋಟೋ ಅಲ್ಲ" ಅಂತ ಓದೋಕಾಗೋ ಅಕ್ಷರದಲ್ಲಿ ಇರುತ್ತೆ, ಕೆಳಗಿನ ವಿವರದಲ್ಲೂ ಮೊದಲ ಸಾಲೇ ಅದು. ತಿನ್ನೋ ಪದಾರ್ಥ, ಮನುಷ್ಯರ ಮುಖ, ಕೈ, ಇವನ್ನ ಎಐಯಲ್ಲಿ ಮಾಡ್ಸೋದೇ ಇಲ್ಲ. ನಮ್ಮ ವಾಟ್ಸ್ಆಪ್ ಕ್ಯಾಟಲಾಗ್‌ಗೂ ಇದೇ.

ಈಗ ನೀವು ನಮಗೆ ಹೇಳಿರೋದಕ್ಕೆ ಬರ್ತೀನಿ. ಒಂದೇ ಮಾತು, ಕಮ್ಮಿ ಅಂದ್ರೂ ಮೂವತ್ತು ಜನ ಬರೆದಿದ್ದೀರಿ: "ಕೈಯಲ್ಲಿ ಮೊಬೈಲ್ ಇದೆ, ಎದುರಿಗೆ ಹಪ್ಪಳ ಇದೆ, ಒಂದು ಫೋಟೋ ತೆಗೆಯೋಕೆ ಏನ್ರೀ ಕಷ್ಟ ನಿಮಗೆ?"

ಕಷ್ಟ ಏನಂದ್ರೆ ಕೇಳಿ. ಹಲಸಿನ ಹಪ್ಪಳ ಆಗೋದು ಏಪ್ರಿಲ್ ಮೇನಲ್ಲಿ, ಕಾಯಿ ಬಲಿತು ಹಣ್ಣಾಗೋ ಮುಂಚೆ, ಮಳೆ ಹಿಡಿಯೋ ಮುಂಚೆ, ಬಿಸಿಲು ಇರೋ ಅಷ್ಟು ದಿನದಲ್ಲಿ ವರ್ಷದ್ದೆಲ್ಲ ಒತ್ತಿ ಒಣಗಿಸಿ ಡಬ್ಬಿಗೆ ತುಂಬಬೇಕು. ಆಗ ಮನೆಯಲ್ಲಿರೋ ಅಷ್ಟೂ ಕೈಗೆ ಒಂದೋ ಹಲಸಿನ ಮೇಣ, ಇಲ್ಲ ಎಣ್ಣೆ. ಆ ಕೈಯಲ್ಲಿ ಮೊಬೈಲ್ ಹಿಡಿದು ನೋಡಿ ಒಂದ್ಸಲ. ಎಲ್ಲ ಮುಗಿದು ಉಸಿರು ಬಿಡೋ ಹೊತ್ತಿಗೆ ಜೂನ್, ಆಮೇಲೆ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬೆಳಕು ಅನ್ನೋದೇ ಇರಲ್ಲ, ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕ್ಕೊಂಡೇ ಪ್ಯಾಕ್ ಮಾಡ್ಬೇಕು, ಆ ಲೈಟೂ ಕರೆಂಟ್ ಇದ್ರೆ. ಟ್ಯೂಬ್‌ಲೈಟ್ ಕೆಳಗೆ ಹಲಸಿನ ಹಪ್ಪಳದ ಫೋಟೋ ತೆಗೆದ್ರೆ ಸುಣ್ಣ ಉದುರಿದ ಗೋಡೆ ಥರ ಬರುತ್ತೆ, ಅದನ್ನ ನೋಡಿ ಯಾರು ತಗೋತಾರೆ, ನಾನೇ ತಗೊಳ್ಳಲ್ಲ. ಇಷ್ಟರ ಮೇಲೆ ಆನ್‌ಲೈನಲ್ಲಿ ಮಾರಿಕೊಡೋ ಕಂಪನಿಗಳ ರೂಲ್ಸ್ ಬೇರೆ. ಅಮೆಜಾನ್ ಥರದ ಕಡೆ ಮೊದಲ ಫೋಟೋಗೆ ಹಿಂದೆ ಅಪ್ಪಟ ಬಿಳಿ ಇರಬೇಕು, ಫ್ರೇಮ್‌ನ 85 ಪರ್ಸೆಂಟ್ ಸಾಮಾನೇ ತುಂಬಿರಬೇಕು. ನಾವು ಬಿಳಿ ಪಂಚೆ ಹಾಸಿ ತೆಗೆದ್ವಿ. ಪಂಚೆಗೆ ನೀಲಿ ಹಾಕಿದ್ದು ನೆನಪೇ ಇರ್ಲಿಲ್ಲ, ಫೋಟೋ ಪೂರ್ತಿ ತೆಳು ನೀಲಿ. ಒಂದು ಕಡೆ ಮೂರು ಸಲ ವಾಪಸ್ ಬಂತು.

ಸ್ಟುಡಿಯೋಗೆ ಹೋಗಿ ಅಂತೀರ, ಹೋದ್ವಿ. ಒಂದು ಫೋಟೋಗೆ 250 ರೂಪಾಯಿ ಕೇಳಿದ್ರು, ಅವರದ್ದೇನು ಜಾಸ್ತಿ ಅಂತ ನಾನು ಹೇಳಲ್ಲ, ಅವರಿಗೂ ಬಾಡಿಗೆ ಇದೆ. ಸಾಮಾನಿಗೆ ಐದು ಫೋಟೋ, ನಮ್ಮದು 22 ಸಾಮಾನು, ಒಟ್ಟು 27,500. ಆನ್‌ಲೈನ್‌ನಲ್ಲಿ ಒಂದು ಪ್ಯಾಕೆಟ್ ಹಪ್ಪಳದಲ್ಲಿ ನಮಗೆ ಉಳಿಯೋದು ಇಪ್ಪತ್ತು ರೂಪಾಯಿ, ಅಂದ್ರೆ ಹತ್ತಿರ ಹತ್ತಿರ ಸಾವಿರದ ನಾನೂರು ಪ್ಯಾಕೆಟ್ ಬರೀ ಫೋಟೋಗೆ. ಅಷ್ಟು ಹಪ್ಪಳ ನಾವು ಒತ್ತೋದೇ ಇಲ್ಲ!

ಇಪ್ಪತ್ತು ರೂಪಾಯಿ ಅಂದಿದ್ದಕ್ಕೆ ನಗ್ತೀರ, ಗೊತ್ತು. "ಅಂಗಡೀಲಿ 160, ಆನ್‌ಲೈನಲ್ಲಿ 225, ಮಧ್ಯದ 65 ಯಾರ ಜೇಬಿಗೆ" ಅಂತ ಸ್ಟಾರ್ ಒಂದೇ ಕೊಟ್ಟು ಬರೆದೋರಿಗೂ ಇದೇ ಉತ್ತರ ಆಗ್ಲಿ. ಕೊರಿಯರ್ 42, ಹಪ್ಪಳ ಪುಡಿ ಆಗ್ಬಾರ್ದು ಅಂತ ಗಟ್ಟಿ ರಟ್ಟಿನ ಡಬ್ಬ 14, ಆನ್‌ಲೈನ್ ಕಂಪನಿಯ ಕಮಿಷನ್ 18 ರೂಪಾಯಿ ಸುತ್ತ, ಆ ಕಮಿಷನ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಕೂಡಿಸಿ ನೋಡಿ, 65 ದಾಟಿ ಹೋಗುತ್ತೆ, ದಾಟಿದ್ದು ನಮ್ಮ ಕೈಯಿಂದ. ಇನ್ನು "ಫೋಟೋ ಬೇರೆ, ಬಂದಿದ್ದು ಬೇರೆ" ಅಂತ ನೀವು ವಾಪಸ್ ಮಾಡಿದ್ರೆ ಹೋಗೋ ಕೊರಿಯರ್ ಬರೋ ಕೊರಿಯರ್ ಎರಡೂ ನಮ್ಮ ತಲೆಗೆ, ವಾಪಸ್ ಬಂದ ಹಪ್ಪಳ ಯಾರಿಗೂ ಮಾರೋಕಾಗಲ್ಲ, ಆ ವಾರ ಪೂರ್ತಿ ನಮ್ಮನೆಯಲ್ಲಿ ಊಟಕ್ಕೆ ಹಪ್ಪಳದ ಚೂರೇ.

ಹಿಂಗಿರುವಾಗ ಹೋದ ಆಗಸ್ಟ್‌ನಲ್ಲಿ ನಮ್ಮ ಮೈದುನನ ಮಗ ಕಾಲೇಜಿಂದ ಊರಿಗೆ ಬಂದಿದ್ದ, ಹೊರಗೆ ಜಡಿಮಳೆ, ಅವನಿಗೂ ಬೇಜಾರು. ಜಗಲೀಲಿ ಕೂತು ಒಂದೇ ಸಂಜೆ ಅರವತ್ತು ಚಿತ್ರ ಮಾಡಿ ಕೊಟ್ಟ. ಕಾಸು ಖರ್ಚಿಲ್ಲ. ನಾವು ಬಾಯಿ ಬಿಟ್ಕೊಂಡು ನೋಡಿದ್ವಿ, ನಮ್ಮ ಸಾಮಾನೇನಾ ಇದು ಅಂತ. ಆಗಲೇ ಹೊಳೀಬೇಕಿತ್ತು, ನಮ್ಮ ಸಾಮಾನಲ್ಲ ಅದು.

ಏನೇನು ಎಡವಟ್ಟಾಗಿತ್ತು ಅಂತ ನಾವೇ ಹೇಳ್ಬಿಡ್ತೀವಿ. ಅಪ್ಪೆಮಿಡಿ ಉಪ್ಪಿನಕಾಯಿ ಕೇಳಿದ್ರೆ ಮಾವಿನಕಾಯಿ ಹೋಳು ಮಾಡಿ ಕೆಂಪು ಎಣ್ಣೆಲಿ ಮುಳುಗಿಸಿದ ಚಿತ್ರ ಬಂದಿತ್ತು. ಮಿಡಿನ ಯಾರಾದ್ರೂ ಹೋಳು ಮಾಡ್ತಾರಾ? ತೊಟ್ಟು ಸಮೇತ ಇಡೀ ಮಿಡಿ ಅಲ್ವಾ ನಾವು ಹಾಕೋದು, ತೊಟ್ಟು ಮುರಿದಿದ್ರೆ ಪಕ್ಕಕ್ಕೆ ತೆಗೀತೀವಿ. ಜೇನಿನ ಬಾಟ್ಲಿ ಪಕ್ಕ ಒಂದು ಮರದ ಕೋಲು, ತುದೀಲಿ ಗೀರು ಗೀರು, ಅದರಿಂದ ಜೇನು ಇಳೀತಾ ಇತ್ತು. ನಮ್ಮೂರಲ್ಲಿ ಆ ಕೋಲು ನಾನು ಯಾರ ಮನೇಲೂ ಕಂಡಿಲ್ಲ, ನಾವು ಚಮಚ ಹಾಕೋರು, ಮಕ್ಕಳು ಬೆರಳು ಹಾಕೋರು. ಒಬ್ಬರು "ಕೋಲು ಬಂದಿಲ್ಲ, ಕಳಿಸಿ" ಅಂತ ಜಗಳಕ್ಕೇ ಬಂದ್ರು! ಆ ಗಣಕಕ್ಕೆ ಎಲ್ಲೆಲ್ಲಿಂದ್ಲೋ ಸೇರ್ಸಿದ ಕೋಟಿಗಟ್ಲೆ ಫೋಟೋ ತೋರ್ಸಿ ಕಲಿಸಿರ್ತಾರಂತೆ, ಅದರಲ್ಲಿ ಮಲೆನಾಡಿನ ಅಡುಗೆಮನೆ ಎಷ್ಟಿರುತ್ತೆ ಹೇಳಿ, ಜೇನು ಅಂದ್ರೆ ಅದಕ್ಕೆ ಕೋಲೇ ಗೊತ್ತಿರೋದು.

ಇದೆಲ್ಲ ನಗೋ ವಿಷಯ. ಕಾಫಿಪುಡಿದು ನಗೋದಲ್ಲ. ನಮ್ಮದು ಹೆಚ್ಚು ಹೋಗೋದು 80-20, ನೂರಕ್ಕೆ ಇಪ್ಪತ್ತು ಭಾಗ ಚಿಕೋರಿ. ಚಿಕೋರಿ ಸೇರಿಸೋದು ಕಳ್ಳತನ ಅಲ್ಲ, ಕಾಫಿ 51 ಪರ್ಸೆಂಟ್‌ಗಿಂತ ಕಮ್ಮಿ ಇರಬಾರದು, ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೀಬೇಕು ಅಂತ ಕಾನೂನೇ ಇದೆ, ನಮ್ಮ ಪ್ಯಾಕೆಟ್ ಮೇಲೆ ಮೊದಲಿಂದ್ಲೂ ಬರೆದಿದೆ. ಆದ್ರೆ ಎಐ ಚಿತ್ರದಲ್ಲಿ ಆ ಬರಹ ಕಲಸಿಹೋಗಿತ್ತು, ಅತ್ತ ಕನ್ನಡವೂ ಅಲ್ಲ ಇತ್ತ ತೆಲುಗೂ ಅಲ್ಲ, ಜಿಲೇಬಿ ಸುತ್ತಿದ ಹಾಗೆ. 14 ಅಂಕಿ ಇರಬೇಕಾದ ಎಫ್ಎಸ್ಎಸ್ಎಐ ನಂಬರು, ಅಂದ್ರೆ ಆಹಾರ ಮಾರೋ ಲೈಸೆನ್ಸ್ ನಂಬರು, 11 ಅಂಕಿ ಆಗಿತ್ತು, ಪಕ್ಕದಲ್ಲಿ ಹೊಳೆಯೋ ಕಾಫಿ ಬೀಜದ ರಾಶಿ. ಅದನ್ನ ನೋಡಿ ಅಪ್ಪಟ ಕಾಫಿ ಅಂತ ತಗೊಂಡೋರು ಒಬ್ಬರು, "ಫೋಟೋದಲ್ಲಿ ಬೀಜ ತೋರಿಸಿ ಚಿಕೋರಿ ಕಳಿಸ್ತೀರ" ಅಂತ ಬರೆದ್ರು. ನಾನು ಸಿಟ್ಟಲ್ಲಿ "ಪ್ಯಾಕೆಟ್ ಓದಿ ಸ್ವಾಮಿ" ಅಂತ ಉತ್ತರ ಕೊಟ್ಟೆ. ಪ್ಯಾಕೆಟ್ ಅವರ ಕೈಗೆ ಸಿಗೋದು ದುಡ್ಡು ಕೊಟ್ಟ ಮೇಲೆ ಅಲ್ವಾ, ಅದು ನನಗೆ ಆಗ ಹೊಳೀಲಿಲ್ಲ. ನೀವು ಇದನ್ನ ಓದ್ತಿದ್ರೆ, ಆ ಉತ್ತರಕ್ಕೆ ಕ್ಷಮಿಸಿ.

ಇನ್ನು ಅಜ್ಜಿ ವಿಷಯ. ಹಪ್ಪಳದ ಮೂರನೇ ಚಿತ್ರದಲ್ಲಿ ಒಬ್ರು ಅಜ್ಜಿ ಇದ್ರಲ್ಲ, ಕಾಸಗಲ ಕುಂಕುಮ, ಹಸಿರು ಸೀರೆ, ಹಿಂದೆ ಹೆಂಚಿನ ಮನೆ. ಎಷ್ಟು ಜನ "ಅಜ್ಜಿಗೆ ನಮ್ಮ ನಮಸ್ಕಾರ ತಿಳಿಸಿ" ಅಂತ ಮೆಸೇಜ್ ಹಾಕಿದ್ರಿ, ಒಬ್ಬರಂತೂ ಚಳಿಗಾಲಕ್ಕೆ ಶಾಲು ಕಳಿಸ್ತೀನಿ, ಅಡ್ರೆಸ್ ಕೊಡಿ ಅಂದ್ರು. ನಾನು ಎಲ್ಲದಕ್ಕೂ ಕೈ ಮುಗಿಯೋ ಇಮೋಜಿ ಹಾಕಿ ಸುಮ್ನಾಗ್ತಿದ್ದೆ. ಆ ಅಜ್ಜಿ ಇಲ್ಲ. ಎಲ್ಲೂ ಇಲ್ಲ.

ಹಪ್ಪಳ ಒತ್ತೋದು ಕೊಪ್ಪದ ಕಡೆ ನಮ್ಮ ದೊಡ್ಡಮ್ಮ, ಅವರ ಜೊತೆ ಅಕ್ಕಪಕ್ಕದ ನಾಲ್ಕು ಜನ. ಈ ಏಪ್ರಿಲ್‌ನಲ್ಲಿ ಹೋದಾಗ ದೊಡ್ಡಮ್ಮ ಆ ಚಿತ್ರ ನೋಡಿದ್ರು. ಕನ್ನಡಕ ಹಾಕ್ಕೊಂಡು, ನಾನು ಹೇಳ್ಕೊಟ್ಟ ಹಾಗೆ ಎರಡು ಬೆರಳಲ್ಲಿ ದೊಡ್ಡದು ಮಾಡಿ, "ಇದ್ಯಾರೇ, ಹಲಸಿನ ಹಪ್ಪಳನ ಲಟ್ಟಣಿಗೇಲಿ ಲಟ್ಟಿಸ್ತಾ ಕೂತಿದಾಳೆ, ಕೈಗೆ ಎಣ್ಣೆ ಪಸೆನೇ ಇಲ್ಲ" ಅಂದ್ರು. ನಿಜ, ಹಲಸಿನ ಹಪ್ಪಳ ಲಟ್ಟಿಸೋದಲ್ಲ, ಒತ್ತೋದು. ತೊಳೆ ಬೇಯಿಸಿ ಉಪ್ಪು ಖಾರ ಹಾಕಿ ಕುಟ್ಟಿ ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆ ನಡುವೆ ಇಟ್ಟು ಮಣೆಯಿಂದ ಒತ್ತಿದ್ರೆ ಅಂಚು ಅಲ್ಲಲ್ಲಿ ಸೀಳಿ ಸ್ವಲ್ಪ ಓರೆಯಾಗೇ ಬರುತ್ತೆ. ಚಿತ್ರದಲ್ಲಿದ್ದಿದ್ದು ಬಳೆ ಇಟ್ಟು ಗೆರೆ ಎಳೆದಷ್ಟು ಗುಂಡಗೆ, ಉದ್ದಿನ ಹಪ್ಪಳದ ಥರ. ನೀವು "ಸೈಜ್ ಒಂದೊಂದು ಒಂದೊಂದು ಥರ ಇದೆ" ಅಂತ ದೂರಿದ್ದು ಯಾಕೆ ಅಂತ ನನಗೆ ಅವತ್ತು ಅರ್ಥ ಆಯ್ತು. ದೊಡ್ಡಮ್ಮ ಮೊಬೈಲ್ ವಾಪಸ್ ಕೊಡ್ತಾ, "ಹಂಗಾದ್ರೆ ಈ ಸಲ ಅವಳ ಹತ್ರಾನೇ ಒತ್ತಿಸ್ಕೊಳ್ಳಿ" ಅಂದ್ರು. ಅವತ್ತು ಊಟಕ್ಕೆ ಕೂತಾಗ್ಲೂ ಸರಿಯಾಗಿ ಮಾತಾಡ್ಲಿಲ್ಲ.

ಬದಲಾವಣೆ ಶುರುವಾಗಿದ್ದು ಅಲ್ಲಿಂದ, ಯಾವ ನೋಟಿಸೂ ಬಂದಿರ್ಲಿಲ್ಲ. ಆದ್ರೂ ಕಾನೂನು ಏನು ಹೇಳುತ್ತೆ ಅಂತ ಆಮೇಲೆ ನೋಡಿದ್ವಿ. 2020ರ ಇ-ಕಾಮರ್ಸ್ ನಿಯಮದಲ್ಲೇ ಇದೆ, ಮಾರೋರು ತೋರಿಸಿದ ಜಾಹೀರಾತಿಗೂ ನಿಜವಾದ ಸಾಮಾನಿಗೂ ಹೊಂದಾಣಿಕೆ ಇರಬೇಕು, ತೋರಿಸಿದ ಹಾಗೆ ಇಲ್ಲ ಅಂದ್ರೆ ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. ಎಐ ಅನ್ನೋ ಪದ ಅದರಲ್ಲಿ ಇರಬೇಕಾಗೂ ಇಲ್ಲ, ಹೋಳು ಮಾಡಿದ ಮಿಡಿ ತೋರಿಸಿ ಇಡೀ ಮಿಡಿ ಕಳಿಸಿದ್ರೆ ತಪ್ಪು ತಪ್ಪೇ. 2026ರ ಫೆಬ್ರವರಿ 20ರಿಂದ ಐಟಿ ನಿಯಮದ ತಿದ್ದುಪಡಿನೂ ಜಾರಿಗೆ ಬಂದಿದೆ, ನಿಜದ ಥರ ಕಾಣೋ ಹಾಗೆ ಕಂಪ್ಯೂಟರ್‌ನಲ್ಲಿ ಹುಟ್ಟಿಸಿದ ಚಿತ್ರಕ್ಕೆ ಗುರುತು ಬೇಕು ಅಂತ. ಅದರ ಜವಾಬ್ದಾರಿ ಮುಖ್ಯವಾಗಿ ಆ ದೊಡ್ಡ ದೊಡ್ಡ ಪ್ಲಾಟ್‌ಫಾರ್ಮ್‌ಗಳದ್ದು, ನಾವು ಅದರ ಹಿಂದೆ ಬಚ್ಚಿಟ್ಕೊಳ್ಳಬಹುದಿತ್ತು. ಬೆಳಕು, ಬಣ್ಣ ಸರಿ ಮಾಡೋದಕ್ಕೆ ಆ ನಿಯಮದಲ್ಲಿ ಅಡ್ಡಿ ಇಲ್ಲ, ಅದನ್ನ ನಾವೂ ಮಾಡ್ತೀವಿ, ಮಳೆಗಾಲದ ಫೋಟೋ ಸ್ವಲ್ಪ ಬೆಳ್ಳಗೆ ಮಾಡಿದ್ರೆ ಮೋಸ ಅನ್ಬೇಡಿ.

ಗುರುತು ಚಿತ್ರದ ಮೇಲೇ ಯಾಕೆ ಅಂದ್ರೆ, ಫೈಲ್ ಒಳಗೆ ಕಣ್ಣಿಗೆ ಕಾಣದ ಹಾಗೆ ಗುರುತು ಇಡೋ ವ್ಯವಸ್ಥೆ ಇದೆ ಅಂತ ಅದೇ ಮೈದುನನ ಮಗ ತೋರಿಸಿದ. ಆದ್ರೆ ನೀವು ಅದನ್ನ ಸ್ಕ್ರೀನ್‌ಶಾಟ್ ತೆಗೆದು ಅಕ್ಕನಿಗೋ ಅತ್ತಿಗೆಗೋ ವಾಟ್ಸ್ಆಪ್‌ನಲ್ಲಿ ಕಳಿಸಿದ್ರೆ ಫೈಲ್ ಒಳಗಿನ ಬರಹ ಅಲ್ಲೇ ಉದುರಿಹೋಗುತ್ತೆ. ಮೇಲೆ ಬರೆದಿದ್ದು ಉಳಿಯುತ್ತೆ.

ಇನ್ನೊಂದು ವಿಷಯನೂ ಹೇಳ್ಬೇಕು, ನಿಜವಾದ ಫೋಟೋ ಕೂಡ ಸುಳ್ಳು ಹೇಳುತ್ತೆ. ಜೇನು ಕಾಫಿ ಹೂವಿನ ಕಾಲದ್ದು ಒಂದು ಬಣ್ಣ, ಕಾಡು ಮರಗಳು ಹೂ ಬಿಟ್ಟಾಗಿನದು ಇನ್ನೊಂದು ಬಣ್ಣ, ಹೋದ ವರ್ಷ ತೆಗೆದ ಫೋಟೋ ಇಟ್ಕೊಂಡು ಈ ವರ್ಷದ ಜೇನು ಮಾರಿದ್ರೆ ನೀವು ಮತ್ತೆ ನನಗೇ ಬೈತೀರ. ಅದಕ್ಕೆ ಪ್ರತಿ ಫೋಟೋ ಕೆಳಗೆ ತೆಗೆದ ತಿಂಗಳು ಹಾಕ್ತಿದ್ದೀವಿ. ಇದನ್ನ ಯಾರೂ ಕೇಳಿರ್ಲಿಲ್ಲ, ನಮಗೇ ಬೇಕು ಅನ್ನಿಸ್ತು.

"ಫೋಟೋನೇ ಸುಳ್ಳು ಅಂದ್ಮೇಲೆ ಮಾಲು ಇನ್ನೇನು" ಅಂತ ಬರೆದೋರಿಗೆ ಏನು ಹೇಳ್ಲಿ, ಆ ಮಾತು ಚುಚ್ಚಿತು. ಪದಾರ್ಥದಲ್ಲಿ ನಾವು ಒಂದು ಚಿಟಿಕೆ ಮೋಸ ಮಾಡಿಲ್ಲ, ತಗೊಂಡು ತಿಂದೋರಿಗೆ ಗೊತ್ತು. ಆದ್ರೆ ಇನ್ನೂ ತಿನ್ನದೇ ಇರೋರಿಗೆ ಚಿತ್ರ ಬಿಟ್ರೆ ಬೇರೇನಿದೆ, ಅದೂ ಒಪ್ಪತಕ್ಕ ಮಾತೇ. ಹೋದ ಆಗಸ್ಟ್‌ನಿಂದ ಇಲ್ಲೀವರೆಗೆ ಫೋಟೋ ನೋಡಿ ಮೋಸ ಹೋದೆ ಅನ್ನಿಸಿದೋರು ಆರ್ಡರ್ ನಂಬರ್ ಕಳಿಸಿ, ಪೂರ್ತಿ ದುಡ್ಡು ವಾಪಸ್ ಹಾಕ್ತೀನಿ, ಸಾಮಾನು ವಾಪಸ್ ಕಳಿಸೋದು ಬೇಡ, ತಿಂದು ಖಾಲಿ ಮಾಡಿದ್ರೂ ಪರವಾಗಿಲ್ಲ. ಮಳೆಗೆ ಹಪ್ಪಳ ಮೆತ್ತಗಾಯ್ತು ಅಂತ ಮಾತ್ರ ಕಳಿಸ್ಬೇಡಿ ಮತ್ತೆ, ಅದು ಡಬ್ಬಿ ಮುಚ್ಚಳದ ವಿಷಯ, ಫೋಟೋದಲ್ಲ. ರೇಟ್ ಏರಿಸ್ತಿಲ್ಲ.

22ರಲ್ಲಿ 17 ಸಾಮಾನಿಗೆ ಹೊಸ ಫೋಟೋ ಆಗಿದೆ. ಅಷ್ಟು ಚೆನ್ನಾಗೇನಿಲ್ಲ, ಜಗಲಿ ಮೇಲೆ ಬೆಳಗ್ಗೆ ಎಂಟರ ಬಿಸಿಲಲ್ಲಿ ಮೇ ತಿಂಗಳು ತೆಗೆದಿದ್ದು, ಮಿಡಿ ಬಾಟ್ಲಿ ಮೇಲೆ ಎಣ್ಣೆ ಬೆರಳಚ್ಚು ಕಾಣುತ್ತೆ, ಒರೆಸಿ ತೆಗೀಬೇಕಿತ್ತು. ಉಳಿದ ಐದಕ್ಕೆ ಹಳೇ ಚಿತ್ರ ತೆಗೆದು ಹಾಕಿದ್ದೀವಿ, ಬರೀ ಪ್ಯಾಕೆಟ್ ಇದೆ, ಒಳಗೆ ಹೆಂಗಿದೆ ನೋಡ್ಬೇಕು ಅಂದ್ರೆ ವಾಟ್ಸ್ಆಪ್ ಮಾಡಿ, ಆಗಲೇ ಬಿಚ್ಚಿ ವಿಡಿಯೋ ಕಳಿಸ್ತೀನಿ. ಹಪ್ಪಳದ ಮೂರನೇ ಫೋಟೋದಲ್ಲಿ ಈಗ ಇರೋದು ದೊಡ್ಡಮ್ಮನ ಕೈ. ಮುಖ ಬೇಡ್ವೇ ಬೇಡ ಅಂದ್ರು. ಆ ಶಾಲಿನ ವಿಷಯ ಹೇಳಿದೆ, "ಅಷ್ಟು ದೂರದಿಂದ ಯಾಕೆ ಪಾಪ" ಅಂತ ಅಂದ್ರು, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಯಾವ ಬಣ್ಣ ಅಂತ ಕೇಳಿದ್ರು.

ಇಂತಿ,
ನಿಮ್ಮ ಅಂಗಡಿಯವರು
ಚಿಕ್ಕಮಗಳೂರು